ದೊಡ್ಡ ದನಿ ಬಂದರೆ

ಪುಟ್ಟ ಮಕ್ಕಳಿಗೆ ಪದ್ಯ ಹೇಳಿಕೊಡುವವರೆಲ್ಲ ಮೃದು ಸ್ವಭಾವದವರು ಎಂದು ಜನ ನಂಬಿದ್ದಾರೆ. ನನ್ನ ಜೊತೆ ಒಂದು ಬೆಳಿಗ್ಗೆ ಕಳೆದರೆ ಆ ನಂಬಿಕೆ ತಾನಾಗಿ ಬಿಟ್ಟುಹೋಗುತ್ತದೆ. ನಾನು ಜಗಳಗಂಟಿ. ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಇದು ಊರಿಗೆಲ್ಲ ಗೊತ್ತಿರುವ ವಿಷಯ. ಮದುವೆಯಾಗಿ ಸಾಗರಕ್ಕೆ ಬಂದು, ಇಲ್ಲಿನ ಒಂದು ನರ್ಸರಿ ಶಾಲೆಗೆ ಸೇರಿದ ಹೊಸತರಲ್ಲಿ ಸ್ವಲ್ಪ ದಿನ ಮುಚ್ಚಿಟ್ಟುಕೊಂಡಿದ್ದೆ, ಅಷ್ಟೆ. ನಾನು ಹೇಳಿಕೊಟ್ಟ ಪದ್ಯಕ್ಕಿಂತ ಮೊದಲು ಮಕ್ಕಳು ನನ್ನ ಬೈಗುಳ ಕಲಿಯುತ್ತಿದ್ದರು. ಅದಕ್ಕೆ ತಾಯಂದಿರು ದೂರು ತರುತ್ತಿದ್ದರು, ನಾನು ತಿರುಗಿಸಿ ಮಾತಾಡುತ್ತಿದ್ದೆ.

ಶಾಲೆ ಇದ್ದದ್ದು ಒಂದು ಕಾಂಪ್ಲೆಕ್ಸಿನ ಮಹಡಿಯಲ್ಲಿ. ಕೆಳಗೆ ಡಾಕ್ಟರ ಕ್ಲಿನಿಕ್ಕು, ಎದುರಿಗೆ ಹೋಟೆಲು. ಸಿಗಂದೂರಿಗೆ ಹೋಗುವ ಗಾಡಿಗಳೆಲ್ಲ ಆ ಹೋಟೆಲಿನ ಮುಂದೆ ತಿಂಡಿಗೆ ನಿಲ್ಲುತ್ತಿದ್ದವು, ಹೊರಡುವಾಗ ಕಿವಿ ಹರಿಯುವ ಹಾಗೆ ಹಾರ್ನ್ ಬಾರಿಸುತ್ತಿದ್ದವು. ಆ ಸದ್ದಿಗೆ ಕ್ಲಿನಿಕ್ಕಿನವರು ಒಂದು ದಿನವೂ ಚಕಾರ ಎತ್ತಲಿಲ್ಲ. ನಮ್ಮ ಮಕ್ಕಳು ಬಾಯಿ ಬಿಟ್ಟರೆ ಮಾತ್ರ ಕಾಂಪೌಂಡರ್ ಮೆಟ್ಟಿಲು ಹತ್ತಿ ಬರುತ್ತಿದ್ದ. ಡಾಕ್ಟರಿಗೆ ಸ್ಟೆತಾಸ್ಕೋಪಿನಲ್ಲಿ ಎದೆ ಬಡಿತ ಕೇಳುವುದಿಲ್ಲವಂತೆ, ನಮ್ಮ ಪದ್ಯವೇ ಕೇಳುತ್ತದಂತೆ. ಕೇಳಲಿ, ಪುಣ್ಯ ಬರುತ್ತದೆ ಎಂದು ನಾನು ಒಮ್ಮೆ ಹೇಳಿ ಕಳಿಸಿದ್ದೆ.

ಶಾಲೆಯ ಒಡತಿಯೇ ಮುಖ್ಯ ಶಿಕ್ಷಕಿ. ಆಕೆಗೆ ನನ್ನ ಈ ಉತ್ತರ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದು ಆಕೆ ಬಾಯಿ ಬಿಟ್ಟು ಹೇಳಲೂ ಇಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು ನಕ್ಕರು. ಆಕೆ ಯಾವತ್ತೂ ದನಿ ಎತ್ತಿದವರಲ್ಲ. ಶಾಲೆಯ ವ್ಯಾನಿನ ಡ್ರೈವರ್ ಕುಡಿದು ಬಂದ ದಿನವೂ ಅವನನ್ನು ಪಕ್ಕಕ್ಕೆ ಕರೆದು, ಕಿವಿಯ ಹತ್ತಿರ ಬಾಗಿ, ಏನೋ ಪಿಸುಗುಟ್ಟಿ ಕೆಲಸದಿಂದ ತೆಗೆದರು. ದನಿ ಎತ್ತದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಕೂಗಾಡುವವರ ಸಿಟ್ಟು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯುತ್ತದೆ, ಇಂಥವರದು ತಿಳಿಯುವುದಿಲ್ಲ.

ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಪದ್ಯ ಹೇಳಿಕೊಡುವುದರಲ್ಲಿ ಆಕೆಯ ಮುಂದೆ ನಾನು ಏನೂ ಅಲ್ಲ. ಒಬ್ಬರ ಮೇಲೊಬ್ಬರು ಬಿದ್ದು ಕಚ್ಚಾಡುತ್ತಿರುವ ಮಕ್ಕಳ ನಡುವೆ ಹೋಗಿ ಮಂಡಿಯೂರಿ ಕೂರುತ್ತಿದ್ದರು. ಯಾರಿಗೂ ಸುಮ್ಮನಿರು ಎನ್ನುತ್ತಿರಲಿಲ್ಲ. ಬೆರಳು ಮಡಿಸಿ ಬಿಚ್ಚಿ, ಹುಬ್ಬು ಕುಣಿಸಿ, ಸಣ್ಣಗೆ ಒಂದು ಸಾಲು ಹಾಡುತ್ತಿದ್ದರು. ಮೊದಲು ಹತ್ತಿರದ ಮಗು ತಿರುಗುತ್ತಿತ್ತು, ಆಮೇಲೆ ಅದರ ಪಕ್ಕದ್ದು. ನೋಡನೋಡುತ್ತ ಇಡೀ ತರಗತಿ ಆಕೆಯ ತುಟಿಯನ್ನೇ ನೋಡುತ್ತ ಕೂತಿರುತ್ತಿತ್ತು. ಆಕೆ ಕಲಿಸಿದ ಪದ್ಯವನ್ನು ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ ಎಂದು ತಾಯಂದಿರು ಹೇಳಿಕೊಂಡು ತಿರುಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಉರಿಯುತ್ತಿತ್ತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಆ ವರ್ಷ ಜೂನಿನಲ್ಲಿ ಹೊಸನಗರದ ರಸ್ತೆಯಿಂದ ಒಂದು ಹೆಣ್ಣುಮಗು ಬಂತು. ಇನ್ನೂ ನಾಲ್ಕು ತುಂಬಿರಲಿಲ್ಲ. ಡಾಂಬರು ರಸ್ತೆ ಬಿಟ್ಟು, ಬಸ್ ನಿಲ್ದಾಣದ ಪಕ್ಕದ ಮಣ್ಣುದಾರಿಯಲ್ಲಿ ಇಳಿದು ಹೋದರೆ ಅವರ ಮನೆ. ಮನೆ ಕೆಳಗೆ ಶುಂಠಿ ಹಾಕಿದ ಜಾಗ, ಅದರ ಕೆಳಗೆ ಲಿಂಗನಮಕ್ಕಿಯ ಹಿನ್ನೀರು. ಪಕ್ಕದ ಮನೆ ಎಂದರೆ ಗುಡ್ಡದ ಆಚೆ ಬದಿಗೆ ಇರುವ ಮನೆ. ಅಪ್ಪ ಅಮ್ಮ ಇಬ್ಬರೂ ಶುಂಠಿ ಕೆಲಸಕ್ಕೆ ಹೋಗುತ್ತಿದ್ದರು, ಮಗುವನ್ನು ನೋಡಿಕೊಳ್ಳುತ್ತಿದ್ದದ್ದು ಅಜ್ಜಿ. ಆ ಅಜ್ಜಿಗೆ ಮಂಡಿ ಹಿಡಿದು ಹೋಗಿತ್ತು, ಅಂಗಳ ದಾಟುವುದೇ ಕಷ್ಟ. ಹಾಗಿದ್ದರೆ ಓಡಾಡುವ ಮಗುವನ್ನು ಹೇಗೆ ಕಾಯುತ್ತಾರೆ ಎಂದು ಸೇರಿಸಲು ಬಂದ ದಿನ ನಾನು ತಾಯಿಯನ್ನು ಕೇಳಿದ್ದೆ.

"ಅತ್ತೆ ಜಗಲಿ ಮೇಲಿಂದ ಕೂ ಹಾಕ್ತಾರೆ ಮಿಸ್," ಎಂದಳು ತಾಯಿ. "ಎಲ್ಲಿದ್ರೂ ಇವಳು ಓಗೊಡ್ತಾಳೆ. ಆ ಧೈರ್ಯದ ಮೇಲೇ ನಾವು ಕೆಲಸಕ್ಕೆ ಹೋಗೋದು. ನೀರು ಹತ್ರ ಉಂಟಲ್ಲ."

ನನಗೆ ಬೇರೆ ವಿವರಣೆ ಬೇಕಿರಲಿಲ್ಲ. ನಾನು ಬೆಳೆದದ್ದೂ ಹಾಗೆಯೇ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ ಇರುವ ಕಡೆ ಹೆಸರು ಹಿಡಿದು ಕರೆದರೆ ಅರ್ಧ ದಾರಿಗೂ ಮುಟ್ಟುವುದಿಲ್ಲ. ಹೊಟ್ಟೆಯಿಂದ ಉಸಿರು ತೆಗೆದು ಉದ್ದಕ್ಕೆ ಕೂ ಎನ್ನಬೇಕು. ಕೇಳಿದವರು ಅದೇ ರೀತಿ ತಿರುಗಿ ಕೂ ಎನ್ನಬೇಕು. ಆಗ ಇಬ್ಬರಿಗೂ ಸಮಾಧಾನ, ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರಿಗೆ ಗೊತ್ತಾಯಿತು. ಫೋನು ಬಂದ ಮೇಲೂ ನಮ್ಮ ಕಡೆ ಇದು ನಿಂತಿಲ್ಲ, ಏಕೆಂದರೆ ಅರ್ಧ ಕಡೆ ಸಿಗ್ನಲ್ ಸಿಗುವುದಿಲ್ಲ, ಮಕ್ಕಳ ಕೈಗೆ ಫೋನು ಕೊಟ್ಟು ಬಿಡುವವರೂ ಇಲ್ಲ.

ನಾನು ಆಗ ಏಡಿಯ ಪದ್ಯ ಕಲಿಸುತ್ತಿದ್ದೆ. ಪುಸ್ತಕದ್ದಲ್ಲ, ನಾನೇ ಕಟ್ಟಿದ್ದು. ಪುಸ್ತಕದ ಪದ್ಯಗಳಲ್ಲಿ ಮಕ್ಕಳು ಎಂದೂ ನೋಡದ ಪ್ರಾಣಿಗಳು ತುಂಬಿಕೊಂಡಿದ್ದವು, ಅವಕ್ಕೆ ಕೈಸನ್ನೆ ಮಾಡಿ ಮಾಡಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಅರ್ಧ ಮಕ್ಕಳು ಕೇಳಬೇಕು, ಅರ್ಧ ಮಕ್ಕಳು ಉತ್ತರ ಹೇಳಬೇಕು:

ಏಡಿ ಏಡಿ ಎಲ್ಲಿದ್ದೀ?
ಗದ್ದೆ ಬದುವಿನ ತೂತಲ್ಲಿ.
ಹೊರಗೆ ಬಾರೇ ನೋಡೋಣ.
ಕಚ್ಚಿದ್ರೇನು ಮಾಡ್ತೀರಿ?

ಹೊಸ ಹುಡುಗಿಗೆ ಉತ್ತರದ ಸಾಲು ಕೊಟ್ಟೆ. ಎದ್ದು ನಿಂತಳು, ಎದೆ ತುಂಬ ಉಸಿರು ಎಳೆದಳು, ಗುಡ್ಡದ ಆಚೆಯ ಮನೆಗೆ ಕೇಳಿಸಬೇಕು ಎನ್ನುವ ಹಾಗೆ ಕೂಗಿದಳು. ಮುಂದಿನ ಸಾಲಿನ ಒಂದು ಮಗು ಹೆದರಿ ಅಳಲು ಶುರುಮಾಡಿತು. ಹುಡುಗಿಗೆ ಆಶ್ಚರ್ಯವಾಗಿರಬೇಕು, ಕೇಳಿದವರು ತಿರುಗಿ ಓಗೊಡದೆ ಅಳುತ್ತಿದ್ದಾರಲ್ಲ ಎಂದು ಇನ್ನೊಮ್ಮೆ ಕೂಗಿದಳು. ನನಗೆ ನಗು ತಡೆಯಲಾಗಲಿಲ್ಲ. ವರ್ಷಗಟ್ಟಲೆ ಗೊಣಗುಟ್ಟುವ ಪದ್ಯ ಕೇಳಿ ಬೇಸತ್ತ ಕಿವಿಗೆ ಹಬ್ಬವಾಯಿತು. ಅಷ್ಟರಲ್ಲಿ ಕಾಂಪೌಂಡರ್ ಮೆಟ್ಟಿಲ ಬಳಿ ನಿಂತಿದ್ದ.

ಮುಖ್ಯ ಶಿಕ್ಷಕಿ ಅವತ್ತು ಸಂಜೆ ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಹಳ್ಳಿಯಿಂದ ಬರುವ ಮಕ್ಕಳಿಗೆ ಮೊದಲು ವಾಯ್ಸ್ ಕಂಟ್ರೋಲ್ ಕಲಿಸಬೇಕು, ಇಲ್ಲದಿದ್ದರೆ ಮುಂದೆ ದೊಡ್ಡ ಶಾಲೆಗಳಲ್ಲಿ ಅವರನ್ನೇ ಆಡಿಕೊಳ್ಳುತ್ತಾರೆ ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಅವಳು ಮಗು, ಟಿವಿ ಅಲ್ಲ, ರಿಮೋಟು ಒತ್ತಿ ತಗ್ಗಿಸುವುದಕ್ಕೆ ಎಂದೆ. ಅವಳ ಮನೆಯ ವಿಷಯವನ್ನೂ ಹೇಳಿದೆ, ಅಜ್ಜಿಯ ಮಂಡಿ, ಹಿನ್ನೀರು, ಓಗೊಡುವುದು, ಎಲ್ಲ. ಆಕೆ ಗಮನ ಕೊಟ್ಟು ಕೇಳಿದರು. ತಲೆಯಾಡಿಸಿದರು. ಮಾರನೆಯ ವಾರ ಆಕೆಯೇ ಕಟ್ಟಿದ ಹೊಸ ಪದ್ಯವೊಂದು ತಯಾರಾಗಿತ್ತು.

ಇಂಗ್ಲಿಷಿನ ಎರಡೇ ಸಾಲು. "ಬಿಗ್ ವಾಯ್ಸ್ ಕಮ್ಸ್, ವಾಟ್ ಡು ವಿ ಡು? ಲಾಕ್ ದಿ ಲಿಪ್ಸ್ ಅಂಡ್ ಸಿಟ್ ಡೌನ್ ಟೂ." ದೊಡ್ಡ ದನಿ ಬಂದರೆ ಏನು ಮಾಡುತ್ತೇವೆ? ತುಟಿಗೆ ಬೀಗ ಹಾಕಿ ಕೂತುಬಿಡುತ್ತೇವೆ. ಜೊತೆಗೆ ಅಭಿನಯ: ಎರಡು ಬೆರಳಿನಿಂದ ತುಟಿಗೆ ಬೀಗ ತಿರುಗಿಸುವುದು, ಮಂಡಿ ಮಡಿಸಿ ಮುದ್ದೆಯಾಗಿ ಕೂರುವುದು, ಯಾರು ಎಷ್ಟು ಕೂಗಿದರೂ ಅಲ್ಲಾಡದಿರುವುದು. ಇದನ್ನು ಕಲಿಸಿ ಎಂದು ನನ್ನ ಕೈಗೆ ಕೊಟ್ಟರು. ನಾನು ಕಲಿಸುವುದಿಲ್ಲ ಎಂದೆ. ಸರಿ, ನಾನೇ ಕಲಿಸುತ್ತೇನೆ ಎಂದರು, ನಗುತ್ತಲೇ.

ಕಲಿಸಿದರು. ಎಷ್ಟು ಚೆನ್ನಾಗಿ ಕಲಿಸಿದರು ಎಂದರೆ, ಬಾಗಿಲ ಬಳಿ ಕೈಕಟ್ಟಿ ನಿಂತು ನೋಡುತ್ತಿದ್ದ ನನ್ನ ಮೈ ಉರಿದುಹೋಗುತ್ತಿತ್ತು. ಆಯಾಳನ್ನು ಬಾಗಿಲ ಹಿಂದೆ ನಿಲ್ಲಿಸಿ ತಟ್ಟೆ ಬಡಿಸುತ್ತಿದ್ದರು, ಕೂಗಿಸುತ್ತಿದ್ದರು. ಸದ್ದು ಬಂದ ಕೂಡಲೇ ಮಕ್ಕಳು ಕಿಲಕಿಲ ನಗುತ್ತ ಕೂತು ತುಟಿಗೆ ಬೀಗ ಹಾಕಬೇಕು. ಕೊನೆಯವರೆಗೆ ಅಲ್ಲಾಡದೆ ಕೂತವರು ಗುಡ್ ಗರ್ಲ್, ಗುಡ್ ಬಾಯ್. ಹೊಸ ಹುಡುಗಿ ಮೊದಮೊದಲು ಸೋಲುತ್ತಿದ್ದಳು. ಆಯಾ ಕೂಗಿದ ತಕ್ಷಣ ಇವಳ ಬಾಯಿಂದ ತಾನಾಗಿ ಓಗೊಡುವ ದನಿ ಬರುತ್ತಿತ್ತು, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವಳ ಮುಖ ಸಣ್ಣದಾಗುತ್ತಿತ್ತು. ಒಂದು ದಿನ ಆಯಾ ಎಷ್ಟು ಕೂಗಿದರೂ ಅವಳು ತುಟಿ ಬಿಚ್ಚಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಗಲ್ಲವನ್ನು ಮಂಡಿಗೆ ಒತ್ತಿ ಕೂತಿದ್ದಳು. ಮುಖ್ಯ ಶಿಕ್ಷಕಿ ಅವಳನ್ನು ಎತ್ತಿ ಅಪ್ಪಿಕೊಂಡು ತಮ್ಮ ಕುರ್ಚಿಯ ಮೇಲೆ ಕೂರಿಸಿದರು. ಆ ಮಗುವಿನ ಮುಖದಲ್ಲಿ ಅವತ್ತು ಕಂಡ ಸಂತೋಷವನ್ನು ನಾನು ನನ್ನ ಯಾವ ಪದ್ಯದಿಂದಲೂ ತರಿಸಿರಲಿಲ್ಲ.

ವಿಡಿಯೋ ಪೋಷಕರ ವಾಟ್ಸಾಪ್ ಗುಂಪಿಗೆ ಹೋಯಿತು. ಒಂದರ ಹಿಂದೆ ಒಂದು ಹೆಬ್ಬೆರಳು, ಚಪ್ಪಾಳೆ. ಒಬ್ಬ ತಾಯಿ, ಮನೆಯಲ್ಲಿ ತಾತ ಗದರಿದರೂ ಮಗ ಈಗ ಹೀಗೇ ಕೂರುತ್ತಾನೆ, ಮನೆ ತಣ್ಣಗಾಗಿದೆ ಎಂದು ಬರೆದಿದ್ದಳು. ಹುಡುಗಿಯ ತಾಯಿಯೂ ಹೆಬ್ಬೆರಳು ಒತ್ತಿದ್ದಳು. ನಾನು ಅವಳಿಗೆ ಫೋನು ಮಾಡಿದೆ. ಮಗು ಮನೆಯಲ್ಲಿ ಓಗೊಡುತ್ತಾಳೆಯೇ, ನೋಡಿಕೊಳ್ಳಿ ಎಂದೆ. ಓಗೊಡುತ್ತಾಳೆ, ಜೊತೆಗೆ ಇಂಗ್ಲಿಷ್ ಪದ್ಯವನ್ನೂ ಹೇಳುತ್ತಾಳೆ, ಅವಳ ಅಪ್ಪ ಹೋದಲ್ಲೆಲ್ಲ ಹೇಳಿಸುತ್ತಾರೆ ಎಂದು ಹೆಮ್ಮೆಪಟ್ಟಳು. ನನಗೆ ಆ ತಾಯಿಯ ಮೇಲೂ ಸಿಟ್ಟು ಬಂತು.

ಸ್ವಲ್ಪ ದಿನ ಕಳೆದು ತಾಯಿಯೇ ಫೋನು ಮಾಡಿದಳು. ಈಗೀಗ ಅತ್ತೆ ಎರಡು ಮೂರು ಸಲ ಕೂ ಹಾಕಿದ ಮೇಲೆ ಓಗೊಡುತ್ತಾಳೆ, ಅದೂ ಸಣ್ಣಗೆ, ಕಿವಿಗೇನಾದರೂ ಆಗಿದೆಯಾ, ಶಾಲೆಯಲ್ಲಿ ಸರಿಯಾಗಿ ಕೇಳಿಸಿಕೊಳ್ಳುತ್ತಾಳಾ ಎಂದು ಕೇಳಿದಳು. ಕಿವಿಗೆ ಏನೂ ಆಗಿಲ್ಲ ಎಂದೆ. ನೆಟ್ಟಗೆ ಮುಖ್ಯ ಶಿಕ್ಷಕಿಯ ಕೋಣೆಗೆ ಹೋದೆ. ಆ ಪದ್ಯ ನಿಲ್ಲಿಸಿ, ಆ ಮಗುವಿನ ಜೀವ ಅವಳ ದನಿಯಲ್ಲಿದೆ ಎಂದು ಹೇಳಿದೆ. ಮನೆ ಬೇರೆ, ಶಾಲೆ ಬೇರೆ, ಅದು ಮಕ್ಕಳಿಗೆ ಗೊತ್ತಾಗುತ್ತದೆ ಎಂದರು ಆಕೆ. ನಾಲ್ಕು ತುಂಬದ ಮಗುವಿಗೆ ಎಡಗಾಲಿನ ಚಪ್ಪಲಿ ಯಾವುದು ಬಲಗಾಲಿನದು ಯಾವುದು ಎಂದೇ ಗೊತ್ತಾಗುವುದಿಲ್ಲ ಎಂದೆ. ನಿಮ್ಮದು ಯಾವಾಗಲೂ ಜಗಳ ಎಂದು ಕಂಪ್ಯೂಟರಿನ ಕಡೆ ತಿರುಗಿಕೊಂಡರು. ಗೋಡೆಗೆ ಹೇಳಿದ ಹಾಗಾಯಿತು.

ಅದಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ತಾಯಿಯ ಫೋನು. ಮಗು ಕಾಣುತ್ತಿಲ್ಲ, ಎಲ್ಲ ಕಡೆಯಿಂದ ಕೂ ಹಾಕುತ್ತಿದ್ದೇವೆ, ಓಗೊಡುತ್ತಿಲ್ಲ, ನೀವು ಬಂದು ಕರೆದರೆ ಬರಬಹುದಾ ಎನ್ನುವಷ್ಟರಲ್ಲಿ ಅವಳ ದನಿ ಒಡೆದುಹೋಯಿತು. ನಾನು ಸ್ಕೂಟಿ ತೆಗೆದೆ. ಹೊಸನಗರದ ರಸ್ತೆಯ ತಿರುವುಗಳಲ್ಲಿ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಎಲ್ಲವೂ ಒಬ್ಬರ ಮೇಲೆಯೇ. ಮಣ್ಣುದಾರಿಯಲ್ಲಿ ಇಳಿಯುವಾಗ ನೀರು ಕಂಡಿತು. ಮಳೆಗಾಲ ಆಗಷ್ಟೇ ಮುಗಿದಿತ್ತು, ಹಿನ್ನೀರು ಶುಂಠಿ ಸಾಲಿನ ಕೊನೆಯವರೆಗೂ ಬಂದು ನಿಂತಿತ್ತು.

ನಾನು ತಲುಪುವ ಹೊತ್ತಿಗೆ ಮಗು ಸಿಕ್ಕಿತ್ತು. ಏನಾಯಿತೆಂದು ಅಲ್ಲಿದ್ದವರು ಒಬ್ಬೊಬ್ಬರೇ ಹೇಳಿದರು. ಊಟಕ್ಕೆಂದು ಅಜ್ಜಿ ಜಗಲಿಯಿಂದ ಕೂ ಹಾಕಿದ್ದಾರೆ. ಉತ್ತರ ಇಲ್ಲ. ಅಂಗಳದ ಅಂಚಿಗೆ ತೆವಳಿಕೊಂಡು ಹೋಗಿ ಹಾಕಿದ್ದಾರೆ. ಶುಂಠಿಯ ಹತ್ತಿರ ಇದ್ದ ಅಪ್ಪ ಅಮ್ಮ ಕೇಳಿ, ಏನೋ ಆಗಿದೆ ಎಂದು ಅವರೂ ಹಾಕಿದ್ದಾರೆ. ಗುಡ್ಡದಾಚೆಯ ಮನೆಯವರಿಗೆ ಕೇಳಿಸಿ ಅವರೂ ಕೂ ಹಾಕುತ್ತ ಇಳಿದು ಬಂದಿದ್ದಾರೆ. ಮೂರು ಕಡೆಯಿಂದ ದೊಡ್ಡ ದನಿ. ಅಪ್ಪ ಬಿದಿರಿನ ಗಳ ಹಿಡಿದು ಎದೆಮಟ್ಟದ ನೀರಿಗೆ ಇಳಿದು ತಳ ಕೆದಕಿದ್ದಾನೆ. ಆಮೇಲೆ ಗುಡ್ಡದಾಚೆ ಮನೆಯ ಹೆಂಗಸು ಹುಲ್ಲಿನ ಬಣವೆಯ ಹಿಂದೆ ಕೆಂಪು ಫ್ರಾಕು ಕಂಡಿದ್ದಾಳೆ.

ಹುಲ್ಲಿನ ಬಣವೆ ಇದ್ದದ್ದು ಜಗಲಿಯ ಪಕ್ಕದಲ್ಲೇ. ಮಗು ಅಲ್ಲಿಯೇ ಇತ್ತು, ಎಲ್ಲರ ಕೂಗೂ ಕೇಳಿಸಿಕೊಳ್ಳುತ್ತ, ಗಲ್ಲವನ್ನು ಮಂಡಿಗೆ ಒತ್ತಿಕೊಂಡು. ಕೂಗುವವರು ಹೆಚ್ಚಾದಷ್ಟೂ ಅವಳು ಬಿಗಿಯಾಗಿ ಕೂತಿದ್ದಾಳೆ, ಏಕೆಂದರೆ ದನಿ ದೊಡ್ಡದಾದಷ್ಟೂ ಗೆಲುವು ದೊಡ್ಡದು. ಅಪ್ಪ ಒದ್ದೆ ಕೈಯಲ್ಲೇ ಅವಳ ಕೆನ್ನೆಗೆ ಬಾರಿಸಿ, ಅದೇ ಕೈಯಲ್ಲಿ ಅಪ್ಪಿಕೊಂಡು ಅತ್ತಿದ್ದ. ನಾನು ಹೋದಾಗ ಕೆನ್ನೆಯ ಮೇಲೆ ಬೆರಳ ಗುರುತು ಇತ್ತು. ಯಾಕಮ್ಮ ಓಗೊಡಲಿಲ್ಲ ಎಂದು ಕೇಳಿದೆ. ಅಜ್ಜಿ ಬಿಗ್ ವಾಯ್ಸ್ ಮಾಡಿತು, ನಾನು ಅಲ್ಲಾಡಲಿಲ್ಲ ಎಂದಳು. ಹೊಡೆದದ್ದು ಯಾಕೆ ಎಂದು ಅವಳಿಗೆ ಅರ್ಥವೇ ಆಗಿರಲಿಲ್ಲ.

ನಮ್ಮ ಕಡೆ ಶತ್ರು ಬಂದರೂ ಮೊದಲು ನೀರು ಬೆಲ್ಲ ಕೊಟ್ಟು ಆಮೇಲೆ ಮಾತು. ಆ ಅಜ್ಜಿ ನನಗೆ ನೀರು ಕೊಡಲಿಲ್ಲ. ನೀರು ತರಲು ಒಳಗೆ ಹೊರಟ ಸೊಸೆಯನ್ನೂ ಕಣ್ಣಲ್ಲೇ ತಡೆದರು. "ಇದ್ನ ಕಲ್ಸಿದ್ದು ನೀವಾ?" ಎಂದರು. ನಾನಲ್ಲ, ನಾನು ಬೇಡ ಎಂದೇ ಜಗಳ ಮಾಡಿದೆ ಎಂದೆ. ನೀವಲ್ಲದಿದ್ದರೆ ನಿಮ್ಮ ಶಾಲೆ, ಎರಡೂ ಒಂದೇ ಎಂದು ಮುಖ ತಿರುಗಿಸಿದರು. ನನಗೆ ಬೇಸರವಾಗಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಅಂಗಳಕ್ಕೂ ಸೇರಿಸುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಮುಖ್ಯ ಶಿಕ್ಷಕಿ ತರಗತಿಯಲ್ಲಿದ್ದರು. ನಾನು ಅಲ್ಲಿಗೇ ಹೋಗಿ ಎಲ್ಲ ಹೇಳಿದೆ. ಒಂದು ಕ್ಷಣ ಆಕೆಯ ಮುಖ ಬಿಳಿಚಿಕೊಂಡಿತು, ಅದನ್ನು ನಾನು ನೋಡಿದೆ. ಆಮೇಲೆ, ಸಿಕ್ಕಿದಳಲ್ಲ, ದೇವರು ದೊಡ್ಡವನು ಎಂದರು. ಆಮೇಲೆ ಮೆಲ್ಲಗೆ, ನೋಡಿ, ಎಷ್ಟು ಚೆನ್ನಾಗಿ ಮನಸ್ಸಿಗೆ ಹೋಗಿದೆ ಎಂದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅಪ್ಪ ನೀರಿಗೆ ಇಳಿದು ಮಗಳ ಹೆಣ ಹುಡುಕುತ್ತಿದ್ದ, ನೀವು ಇಲ್ಲಿ ಚೆನ್ನಾಗಿ ಕಲಿತಿದ್ದಾಳೆ ಎನ್ನುತ್ತೀರಾ ಎಂದು ಕೂಗಿದೆ. ಕೂಗಿ ಉಸಿರು ತೆಗೆದುಕೊಳ್ಳಲು ನಿಂತಾಗ ಕೋಣೆ ಪೂರ್ತಿ ಮೌನವಾಗಿತ್ತು. ತಿರುಗಿ ನೋಡಿದರೆ ಎಲ್ಲ ಮಕ್ಕಳೂ ನೆಲದ ಮೇಲೆ ಮುದ್ದೆಯಾಗಿ ಕೂತು ತುಟಿಗೆ ಬೀಗ ಹಾಕಿಕೊಂಡಿದ್ದರು.

ಮುಖ್ಯ ಶಿಕ್ಷಕಿ ಆ ಮಕ್ಕಳನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ಗಾಬರಿಯೂ ಇತ್ತು, ಆದರೆ ಹೆಮ್ಮೆ ಅದಕ್ಕಿಂತ ಮೊದಲು ಬಂದಿತ್ತು. ಅಡಗಿಸಿಕೊಳ್ಳಲು ನೋಡಿದರು, ಆಗಲಿಲ್ಲ.

ಆ ಪದ್ಯವನ್ನು ಆಕೆ ನಿಲ್ಲಿಸಿದರು. ನಿಲ್ಲಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಂಡಿಯೂರಿ ಕೂತು, ಮನೆಯಲ್ಲಿ ಅಜ್ಜಿ ಕರೆದರೆ ಓಗೊಡಬೇಕು, ಆಯಿತಾ ಎಂದು ಮುದ್ದಾಗಿ ಹೇಳಿದರು. ಮಕ್ಕಳೆಲ್ಲ ಎಸ್ ಮಿಸ್ ಎಂದರು. ಆದರೆ ಕಲಿಸಿದ್ದನ್ನು ವಾಪಸು ತೆಗೆದುಕೊಳ್ಳುವ ವಿದ್ಯೆ ನಮ್ಮಲ್ಲಿ ಯಾರಿಗೂ ಇಲ್ಲ. ಆಟದ ಹೊತ್ತಿನಲ್ಲಿ ಮಕ್ಕಳು ತಾವೇ ಒಬ್ಬರನ್ನು ಬಾಗಿಲ ಹಿಂದೆ ನಿಲ್ಲಿಸಿ ಕೂಗಿಸಿ ಆಡುತ್ತಿದ್ದರು. ನಾನು ಏಡಿಯ ಪದ್ಯ ಮತ್ತೆ ಶುರುಮಾಡಿದೆ. ಹುಡುಗಿ ಉತ್ತರದ ಸಾಲನ್ನು ತುಟಿ ಅಲ್ಲಾಡಿಸಿ ಹೇಳುತ್ತಿದ್ದಳು, ಪಕ್ಕದ ಮಗುವಿಗೂ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ಎಷ್ಟು ಕೂ ಹಾಕಿದರೂ ಓಗೊಡುತ್ತಿಲ್ಲ, ತಾಯಿ ಕೆಲಸ ಬಿಟ್ಟು ಮನೆಯಲ್ಲೇ ಕೂತಿದ್ದಾಳೆ ಎಂದು ವ್ಯಾನಿನವನು ಸುದ್ದಿ ತಂದ.

ಅದಾಗಿ ಸ್ವಲ್ಪ ದಿನಕ್ಕೆ ಹುಡುಗಿ ಕಾಲಿಗೆ ಗಂಟೆ ಕಟ್ಟಿಕೊಂಡು ಬಂದಳು. ಗೆಜ್ಜೆಯಲ್ಲ. ಕರುವಿನ ಕೊರಳಿಗೆ ಕಟ್ಟುವ ಚಿಕ್ಕ ಹಿತ್ತಾಳೆ ಗಂಟೆ, ಕಪ್ಪು ದಾರದಲ್ಲಿ ಪೋಣಿಸಿ, ಬಿಚ್ಚಲಾಗದ ಹಾಗೆ ಗಂಟು ಹಾಕಿದ್ದು. ಮೆಟ್ಟಿಲು ಹತ್ತಿದಾಗ ಕಟ್ಟಡವೆಲ್ಲ ಕೇಳಿತು. ಕಾಂಪೌಂಡರ್ ಅವಳ ಹಿಂದೆಯೇ ಬಂದ. ಸದ್ದು ಮಾಡುವ ಆಭರಣ ಹಾಕಿ ಕಳಿಸಬಾರದು ಎಂದು ಗುಂಪಿನಲ್ಲಿ ಸಂದೇಶ ಹೋಯಿತು. ಮಾರನೆಯ ದಿನವೂ ಗಂಟೆ ಬಂತು. ಮನೆಯವರು ಬಂದು ಮಾತಾಡಬೇಕು ಎಂದು ಹೇಳಿ ಕಳಿಸಿದರು.

ಬಂದದ್ದು ಅಜ್ಜಿ. ವ್ಯಾನಿನ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತು ಬಂದಿದ್ದರು. ಮೆಟ್ಟಿಲು ಹತ್ತಲಾಗದೆ ಮೊದಲನೆಯ ಮೆಟ್ಟಿಲ ಮೇಲೇ ಕೂತುಬಿಟ್ಟರು. ಮುಖ್ಯ ಶಿಕ್ಷಕಿಯೇ ಕೆಳಗೆ ಇಳಿದು ಹೋದರು, ಹಿಂದೆ ನಾನು. ಆಕೆ ಎಂದಿನಂತೆ ಅಜ್ಜಿಯ ಪಕ್ಕ ಮಂಡಿಯೂರಿ ಕೂತು, ಕೈ ಹಿಡಿದು, ಮಗುವಿಗೆ ಇದು ಚೆನ್ನಾಗಿ ಕಾಣುವುದಿಲ್ಲ, ಉಳಿದ ಮಕ್ಕಳು ನಗುತ್ತಾರೆ, ಬಿಚ್ಚಿಬಿಡೋಣ ಎಂದರು. ಅಜ್ಜಿ ತಮ್ಮ ಕೈ ಬಿಡಿಸಿಕೊಂಡರು.

"ದನಕ್ಕೆ ಎಂತಕ್ಕೆ ಗಂಟೆ ಕಟ್ತಾರೆ ಗೊತ್ತುಂಟಾ?" ಎಂದರು. "ಕರೆದ್ರೆ ಓಗೊಡಲ್ಲ, ಅದಕ್ಕೆ. ಇದೂ ಈಗ ಓಗೊಡಲ್ಲ. ನೀವು ಕಲ್ಸಿದ್ದಕ್ಕೆ ನಾನು ಕಟ್ಟಿದ್ದು."

ಮುಖ್ಯ ಶಿಕ್ಷಕಿ ಎದ್ದು ನಿಂತು ಸೀರೆಯ ಧೂಳು ಕೊಡವಿಕೊಂಡರು. ಮಗುವನ್ನು ದನಕ್ಕೆ ಹೋಲಿಸುತ್ತಾರಲ್ಲ, ಇಂಥ ಮನೆಯಿಂದ ಬರುವ ಮಕ್ಕಳಿಗೆ ನಾವು ಎಷ್ಟು ಮಾಡಿದರೂ ಅಷ್ಟೆ ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ಕತ್ತರಿ ತೆಗೆದುಕೊಂಡು ಹೋಗಿ ದಾರ ಕತ್ತರಿಸಿ ಎಂದರು. ದನಿ ಎಂದಿನ ಹಾಗೆಯೇ ಇತ್ತು.

ನಾನು ಮೇಲೆ ಹೋದೆ. ಕತ್ತರಿ ಮುಟ್ಟಲಿಲ್ಲ. ಮಗುವಿನ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದೆ. ಪ್ರತಿ ಹೆಜ್ಜೆಗೂ ಗಂಟೆ ಅಲ್ಲಾಡುತ್ತಿತ್ತು. ಈ ಮಗುವಿನ ಬಾಯಿಂದ ಓಗೊಡುವ ದನಿ ಹೊರಡಿಸದೆ ಇವತ್ತು ಬಿಡುವುದಿಲ್ಲ ಎಂದುಕೊಂಡೆ. ಕೆಳಗೆ ಅಜ್ಜಿ ಇದ್ದಾರೆ, ನಾನು ಕೂ ಹಾಕುತ್ತೇನೆ, ಅಜ್ಜಿ ಓಗೊಡುತ್ತಾರೆ, ಆಮೇಲೆ ನೀನು, ಆಯಿತಾ ಎಂದೆ. ಅವಳು ತಲೆಯಾಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಮೇಲೆ ಕೈಯೂರಿ, ಹೊಟ್ಟೆಯಿಂದ ಉಸಿರು ತೆಗೆದು ಕೂ ಹಾಕಿದೆ. ತವರು ಬಿಟ್ಟ ಮೇಲೆ ಅದೇ ಮೊದಲು. ಹೋಟೆಲಿನ ಮುಂದೆ ನಿಂತವರು ಟೀ ಲೋಟ ಹಿಡಿದುಕೊಂಡೇ ತಲೆಯೆತ್ತಿದರು. ಕಾಂಪೌಂಡರ್ ರಸ್ತೆಗೆ ಓಡಿ ಬಂದು ಮೇಲೆ ನೋಡಿದ.

ಕೆಳಗಿನ ಮೆಟ್ಟಿಲಿನಿಂದ ಓಗೊಟ್ಟ ದನಿ ಬಂತು. ಯಾರು ಕರೆದರು, ಎಲ್ಲಿಂದ, ಯಾಕೆ ಎಂದು ಆ ಮುದುಕಿ ಯೋಚಿಸಿರಲಾರರು. ಕೂ ಕೇಳಿತು, ಓಗೊಟ್ಟರು, ಅಷ್ಟೆ. ಈಗ ನೀನು ಎಂದು ನಾನು ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಅವಳು ಅಜ್ಜಿಯ ದನಿ ಬಂದ ಕಡೆಗೆ ಒಮ್ಮೆ ನೋಡಿದಳು. ಕೆಳಗಿನಿಂದ ಅಜ್ಜಿ ಮತ್ತೊಮ್ಮೆ ಕೂ ಹಾಕಿದರು. ನಾನೂ ಹಾಕಲೆಂದು ಬಾಯಿ ತೆರೆದೆ.

ಹುಡುಗಿ ಹತ್ತಿರ ಬಂದು ತನ್ನ ಪುಟ್ಟ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಗಟ್ಟಿಯಾಗಿ ಅಲ್ಲ, ಮೆತ್ತಗೆ, ಮುಖ್ಯ ಶಿಕ್ಷಕಿ ಮುಟ್ಟುವ ಹಾಗೆ. ಇನ್ನೊಂದು ಕೈ ನನ್ನ ಭುಜದ ಮೇಲಿಟ್ಟಳು. "ಗುಡ್ ಗರ್ಲ್ ಆಗಿ, ಮಿಸ್," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.